ಬಣ್ಣ ತಿರುಗಿದ ಬೆಳ್ಳಿ ನಾಣ್ಯ: ಹೊಳಪು ಉಳಿದಿದೆಯಾ, ಸತ್ತಿದೆಯಾ?

ಕಳೆದ ಮಳೆಗಾಲದಲ್ಲಿ 1919ರ ಒಂದು ಜಾರ್ಜ್ ರೂಪಾಯಿ, ಅಂದರೆ ಐದನೇ ಜಾರ್ಜ್ ದೊರೆಯ ತಲೆ ಇರುವ ಬ್ರಿಟಿಷ್ ಕಾಲದ ಬೆಳ್ಳಿ ನಾಣ್ಯ, ತರಿಸಿದೆ. ಫೋಟೊದಲ್ಲಿ ಅಂಚಿನ ಸುತ್ತ ನೀಲಿ, ಒಳಗೆ ನೇರಳೆ, ನಡುವೆ ಹೊನ್ನಿನ ಬಣ್ಣ. ನವಿಲುಗರಿಯ ಕಣ್ಣಿನ ಹಾಗಿತ್ತು. ಮಾಮೂಲಿ ಬೆಲೆಯ ಮೂರು ಪಟ್ಟು ಕೊಟ್ಟೆ. ಮಂಗಳೂರಿಗೆ ಪಾರ್ಸೆಲ್ ಬಂದ ದಿನ ಹೊರಗೆ ಧೋ ಎಂದು ಮಳೆ. ಟ್ಯೂಬ್‌ಲೈಟ್ ಕೆಳಗೆ ಬಿಚ್ಚಿ ನೋಡಿದೆ. ಬಣ್ಣ ಫೋಟೊದಲ್ಲಿದ್ದ ಹಾಗೇ ಇತ್ತು, ಖುಷಿಯಾಯಿತು. ರಾತ್ರಿ ಊಟ ಮುಗಿಸಿ, ಟ್ಯೂಬ್‌ಲೈಟ್ ಆರಿಸಿ, ಟೇಬಲ್ ಲ್ಯಾಂಪ್ ಕೆಳಗೆ ಹಿಡಿದು ತಿರುಗಿಸಿದಾಗ ವಿಷಯ ಗೊತ್ತಾಯಿತು. ಬೆಳಕು ಓಡಲಿಲ್ಲ. ಯಾವ ಕಡೆ ವಾಲಿಸಿದರೂ ಬಣ್ಣ ಗೋಡೆಗೆ ಬಳಿದ ಪೇಂಟಿನ ಹಾಗೆ ಇದ್ದಲ್ಲೇ ಇತ್ತು.

ಆ ನಾಣ್ಯ ಈಗಲೂ ನನ್ನ ಹತ್ತಿರ ಉಂಟು. ನಾಣ್ಯ ಕೂಡಿಡಲು ಶುರುಮಾಡಿದವರು ಮನೆಗೆ ಬಂದರೆ ಅದನ್ನೇ ಮೊದಲು ಕೈಗೆ ಕೊಡುತ್ತೇನೆ. ಬಣ್ಣವನ್ನು ಒಂದು ರಾತ್ರಿಯಲ್ಲಿ ಬರಿಸಬಹುದು. ಹೊಳಪನ್ನು ಕೊಡುವುದು ಟಂಕಸಾಲೆಯ ಅಚ್ಚು, ಅದೂ ಒಂದೇ ಸಲ. ಹಾಗಾಗಿ ಬಣ್ಣದ ನಾಣ್ಯದಲ್ಲಿ ಏನೋ ಸರಿ ಇಲ್ಲ ಅನ್ನಿಸಿದರೆ ಮೊದಲು ಹೊಳಪು ಪರೀಕ್ಷೆ ಮಾಡಿ, ಬಣ್ಣದ ವಿಚಾರಣೆ ಆಮೇಲೆ. ನಾನು ಈ ಕ್ರಮ ತಪ್ಪಿಸಿದ್ದಕ್ಕೇ ಆ ದುಡ್ಡು ಹೋಯಿತು.

ಬೆಳಕು ಸರಿ ಮಾಡಿಕೊಳ್ಳುವುದು

ನಾಣ್ಯದ ದೋಷ ಎಂದು ನಾವು ಅಂದುಕೊಳ್ಳುವುದು ಎಷ್ಟೋ ಸಲ ಬೆಳಕಿನ ದೋಷ. ಟ್ಯೂಬ್‌ಲೈಟ್ ಉದ್ದಕ್ಕೆ ಇರುವುದರಿಂದ ನಾಣ್ಯದ ಮೇಲೆ ಹಲವು ಕೋನಗಳಿಂದ ಬೆಳಕು ಬೀಳುತ್ತದೆ. ನಮ್ಮ ಕರಾವಳಿಯ ಜೂನ್, ಜುಲೈ ಆಕಾಶವೂ ಹಾಗೇ. ಮೋಡದ ಬೆಳಕು ಎಲ್ಲ ಕಡೆಯಿಂದ ಸಮನಾಗಿ ಬರುತ್ತದೆ. ಅಂಥ ಬೆಳಕಿನಲ್ಲಿ ಬಣ್ಣ ಚೆನ್ನಾಗಿ ಕಾಣುತ್ತದೆ, ಹೊಳಪು ಅಡಗಿಕೊಳ್ಳುತ್ತದೆ. ಸತ್ತ ನಾಣ್ಯವೂ ಚೆಂದ ಕಾಣುವುದು ಇದೇ ಕಾರಣಕ್ಕೆ.

ಬೇಕಾದದ್ದು ಒಂದೇ ಒಂದು ಸಣ್ಣ ಬಲ್ಬು. ಟೇಬಲ್ ಲ್ಯಾಂಪಿಗೆ ಹ್ಯಾಲೊಜನ್ ಹಾಕಿದರೆ ತುಂಬ ಒಳ್ಳೆಯದು. ಎಲ್‌ಇಡಿ ಆದರೆ ಡಬ್ಬದ ಮೇಲೆ ಸಿಆರ್‌ಐ (ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಎನ್ನುವ ಅಂಕ) 90 ಅಥವಾ ಅದಕ್ಕಿಂತ ಜಾಸ್ತಿ ಎಂದು ಬರೆದಿರುವುದನ್ನು ತನ್ನಿ. ಅಗ್ಗದ ಬಿಳಿ ಎಲ್‌ಇಡಿ ಕೆಳಗೆ ನೀಲಿ ಇನ್ನೂ ನೀಲಿಯಾಗಿ, ಕೆಂಪು ಮಂಕಾಗಿ ಕಾಣುತ್ತದೆ. ಕೋಣೆಯ ಬೇರೆ ದೀಪಗಳನ್ನೆಲ್ಲ ಆರಿಸಿ. ಬಲ್ಬಿನಿಂದ ಸುಮಾರು ಒಂದು ಅಡಿ ಕೆಳಗೆ ನಾಣ್ಯವನ್ನು ಅಂಚಿನಲ್ಲಿ ಮಾತ್ರ ಹಿಡಿಯಿರಿ. ಕೆಳಗೆ ಮಡಚಿದ ಟವೆಲ್ ಇರಲಿ, ಕೈ ಜಾರಿದರೆ ನಾಣ್ಯ ಉಳಿಯುತ್ತದೆ. ನೋಡುವಾಗ ಮಾತಾಡಬೇಡಿ. ಎಂಜಲಿನ ಒಂದು ಹನಿ ಬಿದ್ದರೂ ಕೆಲವು ತಿಂಗಳಲ್ಲಿ ಅಲ್ಲಿ ಕಪ್ಪು ಚುಕ್ಕೆ ಏಳುತ್ತದೆ.

ಈಗ ನಾಣ್ಯವನ್ನು ನಿಧಾನ ವಾಲಿಸುತ್ತಾ ತಿರುಗಿಸಿ. ಹೊಳಪು ಉಳಿದಿದ್ದರೆ ನಡುವಿನಿಂದ ಅಂಚಿನ ಕಡೆಗೆ ಎರಡು ಬೆಳಕಿನ ಪಟ್ಟಿಗಳು ಕಾಣುತ್ತವೆ. ನೀವು ವಾಲಿಸಿದ ಹಾಗೆ ಅವು ಗಾಡಿ ಚಕ್ರದ ಅರೆಗಳ ಹಾಗೆ ಸುತ್ತು ಹೊಡೆಯುತ್ತವೆ. ಕೂಡಿಡುವವರು ಇದನ್ನು ಕಾರ್ಟ್‌ವೀಲ್ ಅನ್ನುತ್ತಾರೆ. ಅಚ್ಚು ಬಲವಾಗಿ ಬಡಿದಾಗ ಲೋಹ ನಡುವಿನಿಂದ ಹೊರಕ್ಕೆ ಹರಿಯುತ್ತದೆ. ಆ ಹರಿವಿನ ಗೆರೆಗಳು ಕೂದಲಿಗಿಂತ ಎಷ್ಟೋ ಸಣ್ಣವು. ಒಂದೊಂದಾಗಿ ಕಣ್ಣಿಗೆ ಕಾಣುವುದಿಲ್ಲ, ಎಲ್ಲ ಸೇರಿ ಬೆಳಕನ್ನು ಪಟ್ಟಿಯಾಗಿ ಎಸೆಯುತ್ತವೆ. ತಾನಾಗಿ ಬಂದ ಬಣ್ಣ ಈ ಗೆರೆಗಳ ಮೇಲಿನ ತೆಳು ಪೊರೆ. ಗೆರೆಗಳು ಅಡಿಯಲ್ಲಿ ಹಾಗೇ ಇರುವುದರಿಂದ ಪಟ್ಟಿ ಬಣ್ಣದ ಕೆಳಗೂ ಓಡುತ್ತದೆ, ಓಡುವಾಗ ಆ ಜಾಗದ ಬಣ್ಣ ದೀಪ ಹಚ್ಚಿದ ಹಾಗೆ ಏಳುತ್ತದೆ. ಇದನ್ನು ಒಮ್ಮೆ ನೋಡಿದವರಿಗೆ ಮತ್ತೆ ಮರೆಯುವುದಿಲ್ಲ.

ಕಣ್ಣು ಪಳಗಿಸಲು ದುಬಾರಿ ನಾಣ್ಯ ಬೇಡ. ಬ್ಯಾಂಕಿನಿಂದ ಹೊಸ ಪ್ಯಾಕೆಟ್ಟಿನ ಒಂದು ರೂಪಾಯಿ ನಾಣ್ಯ ತೆಗೆದುಕೊಳ್ಳಿ, ಬಸ್ಸಿನ ಕಂಡಕ್ಟರ್ ಚಿಲ್ಲರೆ ಕೊಟ್ಟ ಇನ್ನೊಂದನ್ನು ಪಕ್ಕ ಹಿಡಿಯಿರಿ. ಸ್ಟೀಲಿನ ನಾಣ್ಯವಾದರೂ ಹೊಸದರಲ್ಲಿ ಬೆಳಕು ಓಡುವುದು, ಹಳೆಯದರಲ್ಲಿ ನಿಂತಿರುವುದು ಎರಡೂ ತಿಳಿಯುತ್ತದೆ. ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್ ಸ್ಥಾಪಿಸಿದ ಹಾಜಿ ಅಬ್ದುಲ್ಲಾ ಸಾಹೇಬರ ಹಳೇ ಮನೆಯ ಮ್ಯೂಸಿಯಂನಲ್ಲಿ ನಾಣ್ಯಗಳನ್ನು ನೋಡಬಹುದು, ಖಂಡಿತ ಹೋಗಿ ಬನ್ನಿ. ಆದರೆ ಗಾಜಿನ ಹಿಂದೆ ನಾಣ್ಯವೂ ಅಲುಗುವುದಿಲ್ಲ, ದೀಪವೂ ಅಲುಗುವುದಿಲ್ಲ. ಹೊಳಪು ಕಲಿಯಲು ನಾಣ್ಯ ಕೈಯಲ್ಲೇ ಇರಬೇಕು.

ಬಣ್ಣ ಇದೆ, ಬೆಳಕು ಓಡುವುದಿಲ್ಲ

ಹೆಚ್ಚಾಗಿ ಎದುರಾಗುವ ದೋಷ ಇದೇ. ನಾಲ್ಕು ಕಾರಣ ಇರಬಹುದು, ನಾಲ್ಕನ್ನೂ ಲ್ಯಾಂಪು ಮತ್ತು ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿಯಿಂದ ಬೇರೆ ಮಾಡಬಹುದು.

ಒಂದು, ಬಳಕೆಯ ಸವಕಳಿ. ಉಬ್ಬಿದ ಜಾಗ ಮೊದಲು ಸವೆಯುತ್ತದೆ. ವಿಕ್ಟೋರಿಯಾ ರೂಪಾಯಿಯಲ್ಲಿ ಕೆನ್ನೆ ಮತ್ತು ಕೂದಲು, ಎಡ್ವರ್ಡ್‌ನಲ್ಲಿ ಕಿವಿಯ ಮೇಲಿನ ಭಾಗ, ಜಾರ್ಜ್‌ನಲ್ಲಿ ಕಿರೀಟ ಮತ್ತು ಮೀಸೆ ನೋಡಿ. ಅಲ್ಲಿ ಬೂದು ಬಣ್ಣ ಇದ್ದು, ಅಕ್ಷರಗಳ ಸಂದಿಯಲ್ಲಿ ಮಾತ್ರ ಬೆಳಕು ಮಿನುಗಿದರೆ ಅದು ಪ್ರಾಮಾಣಿಕ ಸವಕಳಿ. ನಾಣ್ಯ ತನ್ನ ಕೆಲಸ ಮಾಡಿ ಬಂದಿದೆ ಅಷ್ಟೇ. ಬೆಲೆ ಕಡಿಮೆಯಾಗುತ್ತದೆ, ಮರ್ಯಾದೆ ಕಡಿಮೆಯಾಗುವುದಿಲ್ಲ.

ಎರಡು, ಡಿಪ್. ಆಭರಣ ಬೆಳಗುವ ದ್ರಾವಣ ಗೊತ್ತಲ್ವಾ? ಅದರಲ್ಲಿ ಥಯೋಯೂರಿಯ ಮತ್ತು ಆಮ್ಲ ಇರುತ್ತದೆ. ಅದು ಕಪ್ಪನ್ನು ಕರಗಿಸುತ್ತದೆ. ಕಪ್ಪಿನೊಳಗೆ ಸೇರಿಹೋದ ಬೆಳ್ಳಿಯೂ ಅದರ ಜೊತೆ ಹೋಗುತ್ತದೆ. ಒಂದು ಸಲ ಅದ್ದಿ ತೆಗೆದರೆ ಕೆಲವೊಮ್ಮೆ ಗೊತ್ತೇ ಆಗುವುದಿಲ್ಲ. ಮತ್ತೆ ಮತ್ತೆ ಅದ್ದಿದರೆ ಹರಿವಿನ ಗೆರೆಗಳು ಚಪ್ಪಟೆಯಾಗುತ್ತವೆ. ಅಂಥ ನಾಣ್ಯದ ಗುರುತು ಇದು: ಕೂದಲು, ಎಲೆ, ಅಕ್ಷರ ಎಲ್ಲ ಚೂಪಾಗಿಯೇ ಇರುತ್ತವೆ, ಆದರೆ ಅಕ್ಷರಗಳ ಸಂದಿಯೂ ಸೇರಿ ಇಡೀ ಮೈ ಒಂದೇ ರೀತಿ ಮಂಕು. ಸವಕಳಿಯಲ್ಲಿ ಸಂದಿ ಬದುಕಿರುತ್ತದೆ, ಡಿಪ್‌ನಲ್ಲಿ ಸಂದಿಯೂ ಸತ್ತಿರುತ್ತದೆ. ಆಮೇಲೆ ಬಂದ ಬಣ್ಣ ಕೆಸರು ನೀರಿನ ಹಾಗೆ ಕಾಣುತ್ತದೆ.

ಮೂರು, ತಿಕ್ಕಿದ್ದು. ನಮ್ಮೂರ ಹಳೇ ಮನೆಗಳ ನಾಣ್ಯಗಳಲ್ಲಿ ಇದೇ ಜಾಸ್ತಿ, ಹಾಗಾಗಿ ಸ್ವಲ್ಪ ನಿಂತು ಹೇಳುತ್ತೇನೆ. ದೀಪಾವಳಿಗೆ ಲಕ್ಷ್ಮೀ ಪೂಜೆಯ ತಟ್ಟೆಗೆ ಇಡುವ ಮೊದಲು ಬೆಳ್ಳಿ ರೂಪಾಯಿಗಳನ್ನು ಹುಣಸೆಹುಳಿಯಲ್ಲಿ ಅದ್ದಿ, ತೆಂಗಿನ ನಾರಿಗೆ ಒಲೆಯ ಬೂದಿ ಹಚ್ಚಿ ಉಜ್ಜುವುದು ನಾನೇ ಕಂಡಿದ್ದೇನೆ. ಭಕ್ತಿಯಿಂದ ಮಾಡಿದ ಕೆಲಸ, ದೂರುವಂಥದ್ದಲ್ಲ. ಆದರೆ ಬೂದಿಯ ಹರಳು ಬೆಳ್ಳಿಯನ್ನು ಗೀರುತ್ತದೆ. ಲ್ಯಾಂಪಿನ ಕೆಳಗೆ ಒಂದು ಕೋನದಲ್ಲಿ ಏನೂ ಇರುವುದಿಲ್ಲ. ಇನ್ನೊಂದು ಕೋನಕ್ಕೆ ಬಂದ ಕೂಡಲೇ ನೂರಾರು ಸಣ್ಣ ಗೀರುಗಳು ಒಟ್ಟಿಗೆ ಮಿಂಚುತ್ತವೆ. ಕೈ ಸುತ್ತಿದ ದಿಕ್ಕಿನಲ್ಲೇ ಅವು ಸುತ್ತಿರುತ್ತವೆ. ಟಂಕಸಾಲೆಯ ಗೆರೆಗಳು ನಡುವಿನಿಂದ ಅಂಚಿಗೆ ಹೋಗುತ್ತವೆ, ಉಜ್ಜಿದ ಗೀರುಗಳು ಅಕ್ಷರದ ಪಕ್ಕಕ್ಕೆ ಬಂದು ನಿಂತು ಆಚೆ ಮತ್ತೆ ಶುರುವಾಗುತ್ತವೆ. ನಾರು ಅಕ್ಷರದ ಬುಡಕ್ಕೆ ಇಳಿಯುವುದಿಲ್ಲ, ಹಾಗಾಗಿ ಅಲ್ಲಿ ಮೂಲ ಮೇಲ್ಮೈಯ ಸಣ್ಣ ಚೂರು ಉಳಿದಿರಬಹುದು. ಅದನ್ನು ಹೋಲಿಸಿ ನೋಡಿದರೆ ಎಷ್ಟು ಹೋಗಿದೆ ಎಂದು ಅಂದಾಜು ಸಿಗುತ್ತದೆ.

ಹೀಗೆ ಉಜ್ಜಿದ ನಾಣ್ಯ ಮೂವತ್ತು ನಲವತ್ತು ವರ್ಷ ಪೆಟ್ಟಿಗೆಯಲ್ಲಿ ಬಿದ್ದರೆ ಮತ್ತೆ ಬಣ್ಣ ಬರುತ್ತದೆ. ಆ ಬಣ್ಣ ಸುಳ್ಳಲ್ಲ, ತಾನಾಗಿಯೇ ಬಂದದ್ದು. ಆದರೂ ಗೀರು ಅಡಿಯಲ್ಲಿ ಇದ್ದೇ ಇರುತ್ತದೆ. ಅಂಥದ್ದನ್ನು ನಾನು ತೊಳೆದ ನಾಣ್ಯದ ಬೆಲೆಗೆ ಮಾತ್ರ ಕೊಳ್ಳುತ್ತೇನೆ. ಮಾರುವವರು ಬಣ್ಣ ತೋರಿಸಿ ಜಾಸ್ತಿ ಕೇಳಿದರೆ ಕೈಮುಗಿದು ವಾಪಸ್ ಕೊಡುತ್ತೇನೆ.

ನಾಲ್ಕನೆಯದು, ಪೊರೆಯೇ ದಪ್ಪವಾಗಿರುವುದು. ಇದನ್ನು ಸತ್ತದ್ದು ಎಂದು ತಪ್ಪು ತಿಳಿಯುವವರು ಬಹಳ. ನಾಣ್ಯವನ್ನು ಕಣ್ಣಿನ ಮಟ್ಟಕ್ಕೆ ತಂದು, ಬಹುತೇಕ ಮಲಗಿಸಿದ ಹಾಗೆ ಹಿಡಿದು, ಬೆಳಕನ್ನು ಎದುರಿನಿಂದ ಬರಿಸಿ. ಕಪ್ಪು ಕಂದಿನ ಅಡಿಯಿಂದ ಮಿಣುಕು ಕಂಡರೆ ಅದು ಮುಚ್ಚಿದೆ ಅಷ್ಟೇ, ಸತ್ತಿಲ್ಲ. ಏನೂ ಕಾಣದಿದ್ದರೆ, ಪೊರೆ ಲೋಹವನ್ನೇ ತಿಂದು ಮೇಲ್ಮೈ ಒರಟಾಗಿರುವ ಸಾಧ್ಯತೆ ಹೆಚ್ಚು.

ಒಂದು ವಿನಾಯಿತಿ: ಕೂಡಿಡುವವರಿಗೆಂದೇ ನಯ ಮಾಡಿದ ಅಚ್ಚಿನಲ್ಲಿ ಬಡಿದ ಪ್ರೂಫ್ ನಾಣ್ಯಗಳ ಬಯಲು (ಚಿತ್ರ, ಅಕ್ಷರ ಇಲ್ಲದ ಖಾಲಿ ಜಾಗ) ಕನ್ನಡಿಯ ಹಾಗೆ ಇರುತ್ತದೆ. ಅವುಗಳಲ್ಲಿ ಚಕ್ರ ಹುಡುಕಬೇಡಿ.

ಬಣ್ಣದ ಸಾಲು ತಪ್ಪಿದೆ

ಹೊಳಪು ಪಾಸಾದ ಮೇಲೆ ಬಣ್ಣ. ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ಮಳೆ ಬಿದ್ದ ನೆಲದ ಮೇಲೆ ಡೀಸೆಲ್ ಹನಿ ಹರಡಿ ಕಾಮನಬಿಲ್ಲು ಏಳುವುದನ್ನು ನೋಡಿರುತ್ತೀರಿ. ನಾಣ್ಯದ ಬಣ್ಣವೂ ಅದೇ ಲೆಕ್ಕ. ಗಾಳಿಯಲ್ಲಿರುವ ಗಂಧಕದ ಅಂಶ ಬೆಳ್ಳಿಯನ್ನು ಮುಟ್ಟಿ ಸಿಲ್ವರ್ ಸಲ್ಫೈಡ್ ಪೊರೆ ಕಟ್ಟುತ್ತದೆ. ಪೊರೆಯ ಮೇಲ್ಭಾಗದಿಂದ ಚಿಮ್ಮಿದ ಬೆಳಕು ಮತ್ತು ಅಡಿಯ ಬೆಳ್ಳಿಯಿಂದ ಚಿಮ್ಮಿದ ಬೆಳಕು ಒಂದಕ್ಕೊಂದು ಬೆರೆತು ಕೆಲವು ಬಣ್ಣ ಅಳಿಯುತ್ತವೆ, ಕೆಲವು ಉಳಿಯುತ್ತವೆ. ಯಾವುದು ಉಳಿಯುತ್ತದೆ ಎನ್ನುವುದನ್ನು ಪೊರೆಯ ದಪ್ಪ ತೀರ್ಮಾನಿಸುತ್ತದೆ.

ಹಾಗಾಗಿ ಬಣ್ಣಕ್ಕೆ ಒಂದು ಸಾಲು ಉಂಟು. ಪೊರೆ ತೆಳುವಿದ್ದಾಗ ತಿಳಿ ಹಳದಿ. ಆಮೇಲೆ ಜೇನಿನ ಬಣ್ಣ, ಕೆಂಪು ಮಿಶ್ರಿತ ನೇರಳೆ, ಕಡು ನೀಲಿ, ತಿಳಿ ನೀಲಿ. ಇನ್ನೂ ದಪ್ಪವಾದರೆ ಮತ್ತೆ ಹಳದಿ, ಗುಲಾಬಿ, ಹಸಿರು. ಕೊನೆಗೆ ಬೂದು, ಕಪ್ಪು. ಪೊರೆ ಹೆಚ್ಚಾಗಿ ಅಂಚಿನಲ್ಲಿ ದಪ್ಪ, ನಡುವೆ ತೆಳು. ನಡುವಿನಿಂದ ಅಂಚಿಗೆ ಬೆರಳಿಟ್ಟು ಹೋಗಿ, ಸಾಲು ತಪ್ಪಿದೆಯಾ ನೋಡಿ. ಹಳದಿಯ ಪಕ್ಕದಲ್ಲೇ ಕಡು ನೀಲಿ ಬಂದು, ನಡುವೆ ಕೆಂಪು ನೇರಳೆ ಇಲ್ಲದಿದ್ದರೆ ಭೂತಗನ್ನಡಿ ಹಿಡಿಯಿರಿ. ಕೆಲವೊಮ್ಮೆ ಆ ಪಟ್ಟಿ ದಾರದಷ್ಟು ಸಣ್ಣದಾಗಿ ಇರುತ್ತದೆ. ಹುಡುಕಿಯೂ ಸಿಗದಿದ್ದರೆ ಆ ಬಣ್ಣವನ್ನು ನಂಬಬೇಡಿ. ತಿಳಿ ಹಳದಿಗೆ ತಾಗಿಕೊಂಡೇ ಪಚ್ಚೆ ಹಸಿರು ಇದ್ದರೂ ಅಷ್ಟೇ. ಹಸಿರು ಸಾಲಿನ ಕೊನೆಗೆ ಬರುವ ಬಣ್ಣ.

ಆದರೆ ಸಾಲು ಸರಿ ಇದ್ದರೂ ಬಣ್ಣ ಬರಿಸಿದ್ದಾಗಿರಬಹುದು. ಇದನ್ನು ತಿಳಿಯಲು ನಾನೇ ಒಂದು ಪ್ರಯೋಗ ಮಾಡಿದೆ. ಅಕ್ಷರವೆಲ್ಲ ಸವೆದ ಜಾರ್ಜ್ ಕಾಲದ ಒಂದು ಬೆಳ್ಳಿ ಪಾವಲಿ (ಕಾಲು ರೂಪಾಯಿ) ತೆಗೆದುಕೊಂಡೆ. ಬೇಯಿಸಿದ ಮೊಟ್ಟೆಯ ಭಂಡಾರದ ಜೊತೆ ಬಿಗಿ ಮುಚ್ಚಳದ ಡಬ್ಬದಲ್ಲಿ ಇಟ್ಟೆ. ಸಂಜೆಗೆ ಹಳದಿ, ಬೆಳಿಗ್ಗೆಗೆ ನೇರಳೆ, ನೀಲಿ. ಸಾಲು ಪಕ್ಕಾ ಇತ್ತು! ಯಾಕೆಂದರೆ ರಸಾಯನ ಒಂದೇ, ಮೊಟ್ಟೆಯಿಂದ ಬರುವುದೂ ಗಂಧಕದ ಅನಿಲವೇ. ವ್ಯತ್ಯಾಸ ಕಂಡದ್ದು ಬೇರೆ ಕಡೆ. ಉಬ್ಬು, ತಗ್ಗು, ಗೀರು, ಪೆಟ್ಟು ಯಾವುದನ್ನೂ ಲೆಕ್ಕಿಸದೆ ಬಣ್ಣ ಎಲ್ಲದರ ಮೇಲೂ ಹಾಸಿಕೊಂಡಿತ್ತು. ನಿಧಾನ ಬಂದ ಬಣ್ಣ ಹಾಗಲ್ಲ. ಅಕ್ಷರದ ಸುತ್ತ, ಅಂಚಿನ ಬುಡದಲ್ಲಿ ಅದು ಬದಲಾಗುತ್ತದೆ. ಉಬ್ಬಿನ ಮೇಲೆ ಒಂದು ಛಾಯೆ, ಬಯಲಿನಲ್ಲಿ ಇನ್ನೊಂದು. ಸವೆದ ಕೆನ್ನೆಯ ಮೇಲೆ ಹೊಸ ನಾಣ್ಯದ ಕಾಮನಬಿಲ್ಲು ಇದ್ದರೆ ಅದು ಸವೆದ ಮೇಲೆ ಬಂದದ್ದು, ಯೋಚಿಸಿ. ಮೂಸಿಯೂ ನೋಡಿ. ನನ್ನ ಪಾವಲಿ ಒಂದು ವಾರ ನಾರುತ್ತಿತ್ತು.

ನನ್ನ 1919ರ ರೂಪಾಯಿಯಲ್ಲೂ ಇದೇ ಆಗಿತ್ತು. ಮೊದಲು ಡಿಪ್, ಆಮೇಲೆ ಗಂಧಕ. ಅಕ್ಷರಗಳ ಸಂದಿ ಮಂಕು, ಗೀರುಗಳ ಒಳಗೂ ಅದೇ ನೀಲಿ.

ಎಲ್ಲರ ಕಣ್ಣಲ್ಲಿರುವ ಚೆಂದದ ಬಣ್ಣ ಅಮೆರಿಕದ ಹಳೇ ಬೆಳ್ಳಿ ನಾಣ್ಯವಾದ ಮಾರ್ಗನ್ ಡಾಲರಿನದು. ಅವು ಸಾವಿರದ ಲೆಕ್ಕದಲ್ಲಿ ಬಟ್ಟೆಯ ಚೀಲಗಳಲ್ಲಿ ಖಜಾನೆಯೊಳಗೆ ದಶಕಗಟ್ಟಲೆ ಬಿದ್ದಿದ್ದವು. ಬಟ್ಟೆ ತಾಗಿದ ಕಡೆ ಬಣ್ಣ ಬಂತು, ಇನ್ನೊಂದು ಡಾಲರ್ ಮುಚ್ಚಿದ ಕಡೆ ಅರ್ಧಚಂದ್ರದ ಹಾಗೆ ಬಿಳಿ ಉಳಿಯಿತು. ನಮ್ಮ ರೂಪಾಯಿ ಕೈಯಿಂದ ಕೈಗೆ ಓಡಾಡಿ ಆಮೇಲೆ ಪೆಟ್ಟಿಗೆ ಸೇರಿದ್ದು. ಅದರಲ್ಲಿ ಹೆಚ್ಚಾಗಿ ಸಿಗುವುದು ಜೇನು, ಕಂದು, ಬೂದು ನೇರಳೆ. ಚೀಲದ ಡಾಲರಿನ ಬಣ್ಣ ನಮ್ಮ ಸವೆದ ರೂಪಾಯಿಯಲ್ಲಿ ಕಂಡರೆ ಅನುಮಾನ ಪಡಲು ಅದೇ ಸಾಕು. 1940ರಿಂದ 1945ರ ರೂಪಾಯಿಗಳದ್ದು ಬೇರೆ ಕಥೆ. ಅದಕ್ಕಿಂತ ಮೊದಲಿನವುಗಳಲ್ಲಿ 91.7 ಶೇಕಡಾ ಬೆಳ್ಳಿ ಇದ್ದರೆ ಇವುಗಳಲ್ಲಿ 50 ಮಾತ್ರ, ಉಳಿದದ್ದು ತಾಮ್ರ, ನಿಕ್ಕಲ್, ಸತು. ಎರಡನ್ನೂ ಒಂದೇ ಅಳತೆಯಲ್ಲಿ ಅಳೆಯಬೇಡಿ.

ಹಸಿರು, ಅಂಟು, ಬಿಳಿ ಪೊರೆ

ಹಸಿರು ಮೂರು ಬಗೆ. ಪೊರೆಯ ಹಸಿರು ತೆಳು, ವಾಲಿಸಿದರೆ ಬೆಳಕು ಓಡುತ್ತದೆ. ತಾಮ್ರದ ಕಿಲುಬು ದಪ್ಪ, ಒಣ, ಅಕ್ಷರದ ಬುಡದಲ್ಲಿ ಪುಡಿಯಾಗಿ ಕೂತಿರುತ್ತದೆ. ಮೂರನೆಯದು ಅಂಟಂಟಾದ ತಿಳಿ ಹಸಿರು. ಅದು ಪಿವಿಸಿ ಆಲ್ಬಮ್ಮಿನ ಕೊಡುಗೆ. ಮೆತ್ತಗಿನ, ಹೊಸ ರೇನ್‌ಕೋಟಿನ ವಾಸನೆಯ ಪ್ಲಾಸ್ಟಿಕ್ ಹಾಳೆಗಳು ಸೆಖೆಗೆ ಒಡೆದು ಆಮ್ಲ ಬಿಡುತ್ತವೆ. ನಮ್ಮಲ್ಲಿ ಸೆಖೆ, ತೇವ ಎರಡೂ ಧಾರಾಳ.

ಅಂಟಿಗೆ ಮದ್ದು ಶುದ್ಧ ಅಸಿಟೋನ್, ಲ್ಯಾಬ್ ರಾಸಾಯನಿಕ ಮಾರುವ ಅಂಗಡಿಯದ್ದು. ಉಗುರು ಬಣ್ಣ ತೆಗೆಯುವ ದ್ರಾವಣ ಬೇಡ, ಅದರಲ್ಲಿ ಎಣ್ಣೆ, ಸುವಾಸನೆ ಬೆರೆತಿರುತ್ತದೆ. ಗಾಜಿನ ಬಟ್ಟಲಿನಲ್ಲಿ ಮುಳುಗಿಸಿಡಿ, ಉಜ್ಜಬೇಡಿ, ಹೊಸ ಅಸಿಟೋನಿನಲ್ಲಿ ಇನ್ನೊಮ್ಮೆ ಅದ್ದಿ ಗಾಳಿಗೆ ಒಣಗಲು ಬಿಡಿ. ಅದು ಬೇಗ ಬೆಂಕಿ ಹಿಡಿಯುತ್ತದೆ. ಕಿಟಕಿ ತೆರೆದಿರಲಿ, ದೇವರ ದೀಪವೂ ಗ್ಯಾಸ್ ಒಲೆಯೂ ಹತ್ತಿರ ಬೇಡ. ಅಸಿಟೋನ್ ಬೆಳ್ಳಿಯನ್ನೂ ತಾನಾಗಿ ಬಂದ ಬಣ್ಣವನ್ನೂ ಮುಟ್ಟುವುದಿಲ್ಲ. ಹಾಗಾಗಿ ಇದು ಒಂದು ಪರೀಕ್ಷೆಯೂ ಹೌದು. ಬಟ್ಟಲಿಗೆ ಬಣ್ಣ ಇಳಿದರೆ ಅದು ಶಾಯಿ ಅಥವಾ ವಾರ್ನಿಶ್.

ಬೂದು ಬಿಳಿ ಅಥವಾ ಮಂಕು ನೇರಳೆ ಪೊರೆ ಹರಡಿದ್ದರೆ ಉಪ್ಪಿನ ಕೆಲಸ ಇರಬಹುದು. ಉಪ್ಪಿನ ಕ್ಲೋರೈಡ್ ಬೆಳ್ಳಿಯ ಜೊತೆ ಸೇರಿ ಆಗುವ ವಸ್ತು ಬೆಳಕಿಗೆ ಕಪ್ಪಾಗುತ್ತದೆ. ಬೆವರಿನ ಕೈಯಲ್ಲಿ ಮುಟ್ಟಿದರೂ ಸಾಕು. ನಾಣ್ಯಕ್ಕೆ ಅಡ್ಡಲಾಗಿ ನೇರ ಕಪ್ಪು ಗೆರೆ ಇದ್ದರೆ ಯಾರೋ ರಬ್ಬರ್ ಬ್ಯಾಂಡ್ ಹಾಕಿಟ್ಟಿದ್ದಾರೆ. ರಬ್ಬರಿನಲ್ಲಿ ಗಂಧಕ ಇರುತ್ತದೆ.

ಫೋಟೊ ನೋಡಿ ಕೊಳ್ಳುವಾಗ

ವಿಡಿಯೊ ಕೇಳಿ. ಬರೀ ನಾಣ್ಯದ್ದಲ್ಲ, ಹಿಡಿದ ಬೆರಳೂ ಕಾಣಬೇಕು. ವಿಡಿಯೊದ ಬಣ್ಣ ಏರಿಸಿದ್ದರೆ ಬೆರಳಿನ ಚರ್ಮ ಕಿತ್ತಳೆಯಾಗಿ ಕಾಣುತ್ತದೆ. ಒಂದು ದೀಪದ ಕೆಳಗೆ ನಿಧಾನ ವಾಲಿಸಲು ಹೇಳಿ. ಒಪ್ಪದವರ ಹತ್ತಿರ ನಾನು ಈಗ ಕೊಳ್ಳುವುದಿಲ್ಲ. ನಾಣ್ಯ ಪರೀಕ್ಷಿಸಿ ಅಂಕ ಕೊಡುವ ಎನ್‌ಜಿಸಿ, ಪಿಸಿಜಿಎಸ್ ಕಂಪನಿಗಳ ಡಬ್ಬಿಯಲ್ಲಿದ್ದರೆ ಲೇಬಲ್ ಓದಿ. ಅಂಕದ ಬದಲು ಡೀಟೇಲ್ಸ್ ಎಂದಿದ್ದರೆ, ಅದರ ಕೆಳಗೆ ಬರೆದ ಕಾರಣ ತೊಳೆದದ್ದೋ ಬಣ್ಣದ ಅನುಮಾನವೋ ಎಂದು ನೋಡಿ.

ನಮ್ಮೂರಿನಲ್ಲಿ ಇಡುವುದು

ಮಂಗಳೂರಿಗೆ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗಿಂತ ಜಾಸ್ತಿ ಮಳೆ. ನೇತ್ರಾವತಿ, ಗುರುಪುರ ನದಿಗಳ ಅಳಿವೆ ಕಡೆ ಇಳಿತದ ಹೊತ್ತಿಗೆ ಕೆಸರಿನಿಂದ ಕೊಳೆತ ಮೊಟ್ಟೆಯ ವಾಸನೆ ಬರುವುದು ಗೊತ್ತಿರಬಹುದು. ನನ್ನ ಪಾವಲಿಗೆ ಬಣ್ಣ ಬರಿಸಿದ ಅನಿಲವೇ ಅದು. ತೇವ ಇದ್ದರೆ ಅದರ ಕೆಲಸ ಇನ್ನೂ ಬೇಗ. ಗಟ್ಟಿ ಪಾಲಿಯೆಸ್ಟರ್ (ಮೈಲಾರ್) ಕವರಿನಲ್ಲಿ ಹಾಕಿ, ಬಿಗಿ ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಜೆಲ್ಲಿನ ಬಣ್ಣ ಬದಲಾದರೆ ಒಣಗಿಸಿ ಮತ್ತೆ ಹಾಕಿ. ಜೂನ್‌ನಿಂದ ಸೆಪ್ಟೆಂಬರ್ ತನಕ ನಾನು ಹದಿನೈದು ದಿನಕ್ಕೊಮ್ಮೆ ನೋಡುತ್ತೇನೆ. ಉಣ್ಣೆ ಬಟ್ಟೆ, ಪತ್ರಿಕೆಯ ಕಾಗದ, ನುಸಿಗುಳಿಗೆ ಹತ್ತಿರ ಇಡುವುದಿಲ್ಲ.

ಹೋದ ತಿಂಗಳು ಮಲ್ಪೆಯಿಂದ ತಂಗಿಯ ಮಗಳು ಬಂದಿದ್ದಳು. ಅಜ್ಜಿಯ ಮರದ ಪೆಟ್ಟಿಗೆಯಲ್ಲಿ ಹಳದಿ ಬಟ್ಟೆಯ ಗಂಟಿನೊಳಗೆ ಸಿಕ್ಕ ಐದು ಬೆಳ್ಳಿ ರೂಪಾಯಿ ನಾಣ್ಯ ತಂದಿದ್ದಳು. ನಾಲ್ಕು ಬೆಳ್ಳಗೆ ಫಳಫಳ. ಒಂದು, 1907ರ ಎಡ್ವರ್ಡ್, ಕಪ್ಪು ಕಂದು.

“ಮಾಮ, ಇದೊಂದನ್ನು ಟೂತ್‌ಪೇಸ್ಟ್ ಹಾಕಿ ಉಜ್ಜಿದ್ರೆ ಬಿಳಿ ಆಗ್ತದಲ್ವಾ?”

“ಆಗ್ತದೆ. ಮೊದಲು ದೀಪದ ಕೆಳಗೆ ಹಿಡಿ.”

ನಾಲ್ಕರಲ್ಲೂ ಸುತ್ತು ಗೀರು, ಬೆಳಕು ಎಲ್ಲ ಕಡೆಗೂ ಚೆದುರಿತು. ಪ್ರತಿ ವರ್ಷ ಪೂಜೆಗೆ ಬೆಳಗಿದವು. ಕಪ್ಪನ್ನು ಕಣ್ಣಿನ ಮಟ್ಟಕ್ಕೆ ತಂದು ಮಲಗಿಸಿ ಹಿಡಿದಳು. ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, “ಮಾಮ, ಒಳಗೆ ಏನೋ ತಿರುಗ್ತದೆ” ಅಂದಳು. ನಾನೂ ನೋಡಿದೆ. ಕಿವಿಯ ಮೇಲಿನ ಕೂದಲು ಪೂರ್ತಿ ಇತ್ತು, ಬಯಲಿನಲ್ಲಿ ಕಂದಿನ ಅಡಿಯಿಂದ ಪಟ್ಟಿ ಸುತ್ತು ಹೊಡೆಯುತ್ತಿತ್ತು, ಅಂಚಿನ ಹತ್ತಿರ ತುಸು ನೇರಳೆ. ಅಸಿಟೋನಿನಲ್ಲಿ ಎರಡು ಸಲ ಅದ್ದಿದೆವು. ಬಟ್ಟೆಯ ಅರಿಶಿನದ ಕಲೆ ಸ್ವಲ್ಪ ಬಿಟ್ಟಿತು, ಕಂದು ಹಾಗೇ ಉಳಿಯಿತು. ಪೂಜೆಯ ತಟ್ಟೆಗೆ ಆ ನಾಲ್ಕು ಸಾಕು, ಇದನ್ನು ಕವರಿನಿಂದ ತೆಗೆಯಬೇಡ ಎಂದು ಹೇಳಿ ಕಳಿಸಿದ್ದೇನೆ.